ಕ್ಲಾರಿಫೈಯರ್‌ನಿಂದ ಸ್ಲಡ್ಜ್ ಹೊರಹೋಗುತ್ತಿದ್ದರೆ: ಹೊಸ ಆಪರೇಟರ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಒಳಚರಂಡಿ ನೀರು ಶುದ್ಧೀಕರಣ ಘಟಕದಲ್ಲಿ ಆಪರೇಟರ್ ಆಗಿ ಹೊಸದಾಗಿ ಸೇರಿದವರನ್ನು ಅತಿ ಹೆಚ್ಚು ಗಾಬರಿಗೊಳಿಸುವ ದೋಷವೆಂದರೆ, ಸೆಕೆಂಡರಿ ಕ್ಲಾರಿಫೈಯರ್‌ನ, ಅಂದರೆ ಸ್ಲಡ್ಜ್ ತಳಕ್ಕೆ ಕೂತು ತಿಳಿನೀರು ಬೇರಾಗುವ ಟ್ಯಾಂಕ್‌ನ, ಅಂಚಿನ ಮೇಲಿಂದ ತಿಳಿನೀರಿನ ಬದಲು ಕಂದು ಬಣ್ಣದ ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾಗಳಿಂದ ಕೂಡಿದ ರಾಡಿ, ಹರಿದುಹೋಗುವುದು. ಬಾಗಲಕೋಟೆ ಜಿಲ್ಲೆಯ ಘಟಕಗಳಲ್ಲಿ ರಾತ್ರಿ ಪಾಳಿಯ ಹುಡುಗರು ಇದನ್ನು ಕಂಡ ಕೂಡಲೇ ಇನ್‌ಚಾರ್ಜ್‌ಗೆ ಫೋನ್ ಮಾಡಿ, “ಸರ, ಕ್ಲಾರಿಫೈಯರ್‌ದಾಗ ರಾಡಿ ಮ್ಯಾಲೆ ಬರಾಕತ್ತೈತ್ರಿ, ರಿಟರ್ನ್ ಜಾಸ್ತಿ ಮಾಡ್ಲೇನ್ರಿ?” ಎಂದು ಕೇಳುತ್ತಾರೆ. ರಿಟರ್ನ್ ಎಂದರೆ ಕ್ಲಾರಿಫೈಯರ್ ತಳದ ಸ್ಲಡ್ಜನ್ನು, ಬ್ಯಾಕ್ಟೀರಿಯಾಗಳಿಗೆ ಗಾಳಿ ಕೊಡುವ ಏರಿಯೇಷನ್ ಟ್ಯಾಂಕ್‌ಗೆ ಪಂಪ್‌ನಿಂದ ಮರಳಿಸುವುದು. ಆ ಪ್ರಶ್ನೆಗೆ ಫೋನಿನಲ್ಲಿ ಹೌದು ಎಂದಾಗಲಿ ಬೇಡ ಎಂದಾಗಲಿ ಹೇಳಲು ಬರುವುದಿಲ್ಲ. ಸ್ಲಡ್ಜ್ ಮೇಲೆ ಬರುವುದಕ್ಕೆ ಐದಾರು ಬೇರೆ ಬೇರೆ ಕಾರಣಗಳಿದ್ದು, ಒಂದಕ್ಕೆ ಮದ್ದಾಗುವ ಕ್ರಮವೇ ಇನ್ನೊಂದರಲ್ಲಿ ದೋಷವನ್ನು ದುಪ್ಪಟ್ಟು ಮಾಡುತ್ತದೆ. ತಳದಲ್ಲಿ ಹೆಚ್ಚು ಹೊತ್ತು ಉಳಿದು ಗಾಳಿಗುಳ್ಳೆ ಕಟ್ಟಿಕೊಂಡ ಸ್ಲಡ್ಜ್ ಮೇಲೇಳುತ್ತಿದ್ದರೆ ರಿಟರ್ನ್ ಹೆಚ್ಚಿಸುವುದು ಸರಿ. ಮಳೆನೀರು ನುಗ್ಗಿ ಕ್ಲಾರಿಫೈಯರ್ ತಾಳಲಾರದೆ ಸ್ಲಡ್ಜ್ ಚೆಲ್ಲುತ್ತಿದ್ದರೆ, ಅದೇ ಕ್ರಮವು ಟ್ಯಾಂಕ್‌ನಲ್ಲಿ ಉಳಿದಿರುವ ಸ್ಲಡ್ಜನ್ನೂ ಹೊರಗೆ ತಳ್ಳುತ್ತದೆ. ಆದ್ದರಿಂದ ವಾಲ್ವ್‌ಗೆ ಕೈ ಹಾಕುವ ಮೊದಲು ಕಾರಣವನ್ನು ಗುರುತಿಸಬೇಕು, ಅದಕ್ಕೆ ಒಂದು ಲೀಟರ್‌ನ ಗಾಜಿನ ಸಿಲಿಂಡರ್ ಮತ್ತು ಮೂವತ್ತು ನಿಮಿಷಗಳ ತಾಳ್ಮೆ ಬೇಕು.

ಈ ಬರಹವು ಏರಿಯೇಷನ್ ಟ್ಯಾಂಕ್, ಅದರ ಮುಂದೆ ಪ್ರತ್ಯೇಕ ಕ್ಲಾರಿಫೈಯರ್ ಇರುವ ಆಕ್ಟಿವೇಟೆಡ್ ಸ್ಲಡ್ಜ್ ಘಟಕಗಳಿಗೆ ಸಂಬಂಧಿಸಿದೆ. ಎಸ್‌ಬಿಆರ್ ಘಟಕಗಳಲ್ಲಿ ಒಂದೇ ಟ್ಯಾಂಕ್‌ನಲ್ಲಿ ಗಾಳಿ ಕೊಡುವುದೂ ಸ್ಲಡ್ಜ್ ಕೂರಿಸುವುದೂ ನಡೆಯುವುದರಿಂದ ರಿಟರ್ನ್ ಮತ್ತು ಸ್ಕ್ರೇಪರ್ (ಕ್ಲಾರಿಫೈಯರ್ ತಳದ ಸ್ಲಡ್ಜನ್ನು ಬಳಿದು ಸರಿಸುವ ತಿರುಗು ತೋಳು) ಕುರಿತ ಮಾತುಗಳು ಅಲ್ಲಿಗೆ ಹೊಂದುವುದಿಲ್ಲ. ಸಿಲಿಂಡರ್ ಪರೀಕ್ಷೆ ಮಾತ್ರ ಅಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ.

ಮೊದಲು ಕಟ್ಟೆಯ ಮೇಲೆ ಒಂದು ಸುತ್ತು

ಕ್ಲಾರಿಫೈಯರ್‌ನ ಸುತ್ತ ಪೂರ್ತಿಯಾಗಿ ಒಂದು ಸುತ್ತು ಬಂದು, ಸ್ಲಡ್ಜ್ ಎಲ್ಲಿ, ಹೇಗೆ, ಯಾವ ಹೊತ್ತಿನಲ್ಲಿ ಹೋಗುತ್ತಿದೆ ಎಂಬುದನ್ನು ಲಾಗ್ ಬುಕ್‌ನಲ್ಲಿ ಬರೆಯಬೇಕು. ಒಂದೇ ಬದಿಯಿಂದ ಹೋಗುತ್ತಿದ್ದು ಉಳಿದ ಬದಿಯಲ್ಲಿ ನೀರು ತಿಳಿಯಾಗಿದ್ದರೆ, ದೋಷ ಸ್ಲಡ್ಜ್‌ನಲ್ಲಿಲ್ಲ, ಅಂಚಿನ ಮಟ್ಟದಲ್ಲಿದೆ ಎಂದು ಅನುಮಾನಿಸಬೇಕು. ನಮ್ಮ ಭಾಗದ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ, ಅದರ ಮೇಲೆ ಕಟ್ಟಿದ ಟ್ಯಾಂಕ್‌ಗಳು ವರ್ಷಗಳು ಕಳೆದಂತೆ ಒಂದು ಬದಿಗೆ ಕೂರುವ ಸಾಧ್ಯತೆ ಹೆಚ್ಚು. ಅಂಚಿಗೆ ಬಿಗಿದ, ವಿ ಆಕಾರದ ಕಚ್ಚುಗಳಿರುವ ವಿ-ನಾಚ್ ತಗಡುಗಳಲ್ಲಿ ಒಂದು ಬದಿಯವು ಪೂರ್ತಿ ಮುಳುಗಿ, ಎದುರು ಬದಿಯವು ಒಣಗಿ ಪಾಚಿ ಹಿಡಿದಿದ್ದರೆ ನೀರೆಲ್ಲ ತಗ್ಗಿದ ಕಡೆಗೇ ಎಳೆದುಕೊಂಡು ಹೋಗುತ್ತಿದೆ ಎಂದರ್ಥ. ಪಾರದರ್ಶಕ ಪೈಪ್‌ನಲ್ಲಿ ನೀರು ತುಂಬಿ ಗಾರೆಯವರು ನೋಡುವ ರೀತಿಯಲ್ಲಿ ಮಟ್ಟ ನೋಡಿದರೆ ಇದು ಖಚಿತವಾಗುತ್ತದೆ, ತಗಡಿನ ಬೋಲ್ಟ್‌ಗಳನ್ನು ಸಡಿಲಿಸಿ ಮಟ್ಟಕ್ಕೆ ತಂದರೆ ಸರಿಹೋಗುತ್ತದೆ.

ಸುತ್ತಲೂ ಸಮನಾಗಿ ಹೋಗುತ್ತಿದ್ದರೆ ಅದರ ರೂಪವನ್ನು ಗಮನಿಸಬೇಕು. ಅಂಗೈ ಅಗಲದ ಗಡ್ಡೆಗಳು ಗುಳ್ಳೆಗಳೊಂದಿಗೆ ಮೇಲೆದ್ದು, ಒಡೆದು, ಹರಡಿಕೊಳ್ಳುವುದು ಒಂದು ರೂಪ. ನೀರಿನ ಅಡಿಯಲ್ಲಿ ಸ್ಲಡ್ಜ್‌ನ ಪದರವೇ ಏರುತ್ತ ಬಂದು ಅಂಚಿನಿಂದ ಮೋಡದಂತೆ ಸಾಗುವುದು ಇನ್ನೊಂದು. ಸೂಜಿಮೊನೆಯಷ್ಟು ಸಣ್ಣ ಕಣಗಳು ನೀರಿನ ತುಂಬ ತೇಲುತ್ತ ಹೋಗುವುದು ಮೂರನೆಯದು. ಬಣ್ಣ ಕಂದಾಗಿದ್ದು ಮಣ್ಣಿನ ವಾಸನೆ ಇದೆಯೋ, ಕಪ್ಪಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯೋ ಎಂಬುದೂ ಮುಖ್ಯ. ಕಪ್ಪು ಬಣ್ಣವೆಂದರೆ ಸ್ಲಡ್ಜ್ ಎಲ್ಲೋ ಒಂದು ಕಡೆ ಬಹಳ ಹೊತ್ತು ಗಾಳಿಯಿಲ್ಲದೆ ಬಿದ್ದಿತ್ತು ಎಂಬುದಕ್ಕೆ ಸಾಕ್ಷಿ.

ತಳದಲ್ಲಿ ಎಷ್ಟು ಸ್ಲಡ್ಜ್ ನಿಂತಿದೆ ಎಂಬುದನ್ನು ಕೆಳತುದಿಯಲ್ಲಿ ಕವಾಟವಿರುವ ಪಾರದರ್ಶಕ ಪೈಪ್ ಇಳಿಸಿ ಅಳೆಯಬೇಕು. ಪೈಪನ್ನು ನಿಧಾನವಾಗಿ ತಳ ಮುಟ್ಟುವವರೆಗೆ ಇಳಿಸಿ, ಒಮ್ಮೆ ಜಗ್ಗಿ ಕವಾಟ ಮುಚ್ಚಿಸಿ ಮೇಲೆತ್ತಿದರೆ, ಟ್ಯಾಂಕ್‌ನ ಒಳಗಿನ ಪದರಗಳು ಹಾಗೆಯೇ ಪೈಪ್‌ನಲ್ಲಿ ಕಾಣುತ್ತವೆ. ಸುಮಾರು 3.5 ಮೀಟರ್ ಆಳದ ಕ್ಲಾರಿಫೈಯರ್‌ನಲ್ಲಿ ಈ ಪದರವು ಒಂದು ಮೀಟರ್ ಒಳಗಿದ್ದರೆ ಒಳ್ಳೆಯದು. ಎರಡು ಮೀಟರ್ ದಾಟಿದೆ ಎಂದರೆ ಬೆಳಗಿನ ಹೆಚ್ಚಿನ ಹರಿವು ಬಂದಾಗ ಅದು ಮೇಲೆ ಬರುವುದು ನಿಶ್ಚಿತ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಈ ಹುಡುಕಾಟದ ಯಾವ ಹಂತದಲ್ಲಿಯೂ ರಿಟರ್ನ್ ಸಂಪ್, ವೆಟ್ ವೆಲ್ (ಒಳಬರುವ ನೀರು ಪಂಪ್ ಆಗುವ ಮೊದಲು ಸೇರುವ ಬಾವಿ) ಅಥವಾ ಮ್ಯಾನ್‌ಹೋಲ್ ಒಳಗೆ ಇಳಿಯಬಾರದು. ಕಪ್ಪಾದ ಸ್ಲಡ್ಜ್ ಇರುವಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಇರುತ್ತದೆ. ಅದು ಸುಮಾರು 100 ಪಿಪಿಎಂ ಮುಟ್ಟಿದಾಗ ಮೂಗು ವಾಸನೆ ಹಿಡಿಯುವುದನ್ನೇ ಬಿಡುತ್ತದೆ, ಹಾಗಾಗಿ “ವಾಸನೆ ಇಲ್ಲ, ಇಳಿಯಬಹುದು” ಎಂಬ ಲೆಕ್ಕವೇ ಪ್ರಾಣಕ್ಕೆ ಎರವಾಗುತ್ತದೆ. ರಕ್ಷಣಾ ಸಲಕರಣೆಗಳಿಲ್ಲದೆ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದೆ. ಪಂಪ್ ಕಟ್ಟಿಕೊಂಡಿದ್ದರೆ ಚೈನ್ ಪುಲಿ ಹಾಕಿ ಪಂಪನ್ನೇ ಮೇಲೆತ್ತಬೇಕು. ಮೇಲಿನವರು ಇಳಿಯಲು ಹೇಳಿದರೂ ಇಳಿಯುವುದಿಲ್ಲ ಎಂದು ಹೇಳುವ ಹಕ್ಕು ಆಪರೇಟರ್‌ಗೆ ಇದೆ.

ಸಿಲಿಂಡರ್ ಪರೀಕ್ಷೆ

ಏರಿಯೇಷನ್ ಟ್ಯಾಂಕ್‌ನ ನೀರು ಕ್ಲಾರಿಫೈಯರ್‌ಗೆ ಹೊರಡುವ ಜಾಗದಲ್ಲಿ, ಮೇಲಿನ ನೊರೆಯನ್ನು ಸರಿಸಿ ಅರ್ಧ ಮೀಟರ್ ಆಳದಿಂದ ಅಗಲ ಬಾಯಿಯ ಪಾತ್ರೆಯಲ್ಲಿ ಮಾದರಿಯನ್ನು ತೆಗೆಯಬೇಕು. ಲ್ಯಾಬ್‌ಗೆ ಒಯ್ದು ಇಟ್ಟು ಮರೆತರೆ ಫಲಿತಾಂಶ ಕೆಡುತ್ತದೆ. ಐದು ನಿಮಿಷದೊಳಗೆ ಪರೀಕ್ಷೆ ಆರಂಭವಾಗಬೇಕು. ಮಾದರಿಯನ್ನು ಮೆಲ್ಲಗೆ ತಿರುಗಿಸಿ ಸಮನಾಗಿಸಿ, ಒಂದು ಲೀಟರ್ ಸಿಲಿಂಡರ್‌ಗೆ 1000 ಮಿಲಿ ಗುರುತಿನವರೆಗೆ ಸುರಿಯಬೇಕು. ಜೋರಾಗಿ ಅಲುಗಿಸಿದರೆ ಬ್ಯಾಕ್ಟೀರಿಯಾಗಳ ಗುಂಪುಗಳು, ಅಂದರೆ ಫ್ಲಾಕ್‌ಗಳು, ಒಡೆದುಹೋಗುತ್ತವೆ. ಸಿಲಿಂಡರ್ ಮಟ್ಟಸವಾದ ಜಾಗದಲ್ಲಿ, ನೆರಳಿನಲ್ಲಿ, ಟ್ಯಾಂಕ್‌ಗೆ ಗಾಳಿ ಊದುತ್ತ ಓಡುತ್ತಿರುವ ಬ್ಲೋವರ್‌ನ ಅದುರಾಟ ತಾಗದ ಕಡೆ ಇರಬೇಕು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿಯ ಬಿಸಿಲಿಗೆ ಕಾದ ಕಟ್ಟೆಯ ಮೇಲೆ ಇಟ್ಟ ಸಿಲಿಂಡರ್‌ನ ಒಳಗೆ ಬಿಸಿ ನೀರು ಮೇಲೆ ಕೆಳಗೆ ಸುತ್ತತೊಡಗಿ ಸ್ಲಡ್ಜ್ ನೆಟ್ಟಗೆ ಕೂರುವುದೇ ಇಲ್ಲ.

ಮೊದಲ ಐದು ನಿಮಿಷ ಸಿಲಿಂಡರ್ ಬಿಟ್ಟು ಕದಲಬಾರದು, ಏಕೆಂದರೆ ಹೇಳಬೇಕಾದದ್ದರಲ್ಲಿ ಅರ್ಧವನ್ನು ಸ್ಲಡ್ಜ್ ಆಗಲೇ ಹೇಳುತ್ತದೆ. ಆರೋಗ್ಯವಾದ ಸ್ಲಡ್ಜ್ ಒಂದೆರಡು ನಿಮಿಷದಲ್ಲಿ ಗುಂಪುಗಟ್ಟಿ, ಸ್ಪಷ್ಟವಾದ ಗೆರೆ ಮೂಡಿಸಿ, ಆ ಗೆರೆ ಕಣ್ಣಿಗೆ ಕಾಣುವ ವೇಗದಲ್ಲಿ ಇಳಿಯುತ್ತದೆ ಮತ್ತು ದಾರಿಯಲ್ಲಿ ಸಿಕ್ಕ ಸಣ್ಣ ಕಣಗಳನ್ನೆಲ್ಲ ಸೋಸಿಕೊಂಡು ಮೇಲೆ ತಿಳಿನೀರನ್ನು ಬಿಡುತ್ತದೆ. ಐದನೇ ನಿಮಿಷಕ್ಕೆ ಒಂದು ಅಂಕಿ, ಮೂವತ್ತನೇ ನಿಮಿಷಕ್ಕೆ ಇನ್ನೊಂದು ಅಂಕಿ ಬರೆಯಬೇಕು. ಅಷ್ಟಕ್ಕೇ ಸಿಲಿಂಡರ್ ತೊಳೆದಿಡುವುದು ನಮ್ಮ ಕಡೆ ಬಹುತೇಕ ಎಲ್ಲರ ರೂಢಿ, ಅದನ್ನು ಬಿಡಬೇಕು. ಸಿಲಿಂಡರನ್ನು ಹಾಗೆಯೇ ಎರಡು ಗಂಟೆ ಇಟ್ಟು ಮತ್ತೆ ನೋಡಿದಾಗ ಮಾತ್ರ ಮೇಲೇಳುವ ದೋಷ ಬಯಲಾಗುತ್ತದೆ.

ಮೂವತ್ತನೇ ನಿಮಿಷದ ಅಂಕಿಯೊಂದೇ ಸಾಲದು, ಟ್ಯಾಂಕ್‌ನಲ್ಲಿ ಎಷ್ಟು ಸ್ಲಡ್ಜ್ ಇದೆ ಎಂಬ ಎಂಎಲ್ಎಸ್ಎಸ್ ಅಂಕಿಯೂ ಬೇಕು. ಸಿಲಿಂಡರ್ ಅಂಕಿಯನ್ನು 1000ದಿಂದ ಗುಣಿಸಿ ಎಂಎಲ್ಎಸ್ಎಸ್‌ನಿಂದ ಭಾಗಿಸಿದರೆ ಸ್ಲಡ್ಜ್ ವಾಲ್ಯೂಮ್ ಇಂಡೆಕ್ಸ್, ಅಂದರೆ ಎಸ್‌ವಿಐ ಬರುತ್ತದೆ. ಸಿಲಿಂಡರ್‌ನಲ್ಲಿ 350 ಮಿಲಿ, ಎಂಎಲ್ಎಸ್ಎಸ್ ಲೀಟರ್‌ಗೆ 3200 ಮಿಲಿಗ್ರಾಂ ಇದ್ದರೆ ಎಸ್‌ವಿಐ ಸುಮಾರು 109. ಇದು 80ರಿಂದ 150ರ ನಡುವೆ ಇದ್ದರೆ ಸ್ಲಡ್ಜ್ ಚೆನ್ನಾಗಿ ಕೂರುತ್ತಿದೆ ಎಂದು ತಿಳಿಯಬಹುದು. ಅದಕ್ಕೂ ಮೇಲೆ ಹೋದಷ್ಟೂ ಸ್ಲಡ್ಜ್ ಊದಿಕೊಂಡಿದೆ.

ಗುಳ್ಳೆ ಕಟ್ಟಿಕೊಂಡು ಮೇಲೇಳುವ ಸ್ಲಡ್ಜ್

ಸಿಲಿಂಡರ್‌ನಲ್ಲಿ ಸ್ಲಡ್ಜ್ ಮೂವತ್ತು ನಿಮಿಷಕ್ಕೆ ಅಚ್ಚುಕಟ್ಟಾಗಿ ಕೂತು, ಮೇಲೆ ನೀರು ತಿಳಿಯಾಗಿ, ಆಮೇಲೆ ಒಂದು ಒಂದೂವರೆ ಗಂಟೆಯೊಳಗೆ ಕೆಳಗಿನ ಪದರ ಬಿರುಕುಬಿಟ್ಟು ತುಂಡು ತುಂಡಾಗಿ ಮೇಲೆದ್ದರೆ ಕಾರಣ ಸಿಕ್ಕಿತು. ಗಾಜಿನ ಕಡ್ಡಿಯಿಂದ ಮೇಲೆದ್ದ ತುಂಡನ್ನು ಮೆಲ್ಲಗೆ ಕದಡಿದರೆ ಗುಳ್ಳೆಗಳು ಸರಸರನೆ ಹೊರಟುಹೋಗಿ ಸ್ಲಡ್ಜ್ ಮತ್ತೆ ತಳಕ್ಕೆ ಇಳಿಯುತ್ತದೆ. ಸ್ಲಡ್ಜ್‌ನಲ್ಲಿ ದೋಷವಿಲ್ಲ, ಅದಕ್ಕೆ ಅಂಟಿದ ಅನಿಲವೇ ಅದನ್ನು ಎತ್ತುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಆ ಅನಿಲ ಸಾರಜನಕ. ಒಳಚರಂಡಿ ನೀರಿನ ಅಮೋನಿಯಾವನ್ನು ಏರಿಯೇಷನ್ ಟ್ಯಾಂಕ್‌ನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ತುಂಬಿದ ಈ ನೀರು ಕ್ಲಾರಿಫೈಯರ್‌ಗೆ ಬಂದು, ತಳದ ಸ್ಲಡ್ಜ್ ಪದರದಲ್ಲಿ ಕರಗಿದ ಆಮ್ಲಜನಕ ಮುಗಿದ ಮೇಲೆ, ಅಲ್ಲಿನ ಬ್ಯಾಕ್ಟೀರಿಯಾಗಳು ಉಸಿರಾಟಕ್ಕಾಗಿ ನೈಟ್ರೇಟ್‌ನಲ್ಲಿರುವ ಆಮ್ಲಜನಕವನ್ನೇ ಬಳಸಿ ಸಾರಜನಕವನ್ನು ಗುಳ್ಳೆಯಾಗಿ ಬಿಡುತ್ತವೆ. ಬೇಸಿಗೆಯಲ್ಲಿ ನೀರಿನ ಉಷ್ಣತೆ 30 ಡಿಗ್ರಿ ದಾಟುವುದರಿಂದ ಅಮೋನಿಯಾ ನೈಟ್ರೇಟ್ ಆಗುವುದೂ, ನೈಟ್ರೇಟ್ ಸಾರಜನಕವಾಗುವುದೂ ಎರಡೂ ಚುರುಕಾಗುತ್ತವೆ. ಬಾಗಲಕೋಟೆ, ವಿಜಯಪುರದ ಘಟಕಗಳು ಮಾರ್ಚ್‌ನಿಂದ ಜೂನ್‌ವರೆಗೆ ಈ ದೋಷವನ್ನು ಮೊದಲು ಅನುಮಾನಿಸಬೇಕಾದದ್ದು ಇದೇ ಕಾರಣದಿಂದ. ಮಧ್ಯಾಹ್ನ ಮೂರರ ಸುಮಾರಿಗೆ, ಹರಿವು ಕಡಿಮೆಯಾಗಿ ಬಿಸಿಲು ಏರಿದ ಹೊತ್ತಿನಲ್ಲಿ ಗಡ್ಡೆಗಳು ಏಳುತ್ತಿವೆ ಎಂದು ಲಾಗ್ ಬುಕ್ ಹೇಳುತ್ತಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಪರಿಹಾರದ ಮೊದಲ ಭಾಗ, ಸ್ಲಡ್ಜ್ ತಳದಲ್ಲಿ ಹೆಚ್ಚು ಹೊತ್ತು ನಿಲ್ಲದಂತೆ ನೋಡಿಕೊಳ್ಳುವುದು. ರಿಟರ್ನ್ ಪ್ರಮಾಣವನ್ನು ಹಂತ ಹಂತವಾಗಿ ಹೆಚ್ಚಿಸಿ, ಪಾರದರ್ಶಕ ಪೈಪ್‌ನಲ್ಲಿ ಪದರದ ಎತ್ತರ ಇಳಿಯುತ್ತಿದೆಯೇ ಎಂದು ಎರಡು ಗಂಟೆಗೊಮ್ಮೆ ನೋಡಬೇಕು. ಎರಡನೆಯ ಭಾಗ ಸ್ಲಡ್ಜ್‌ನ ವಯಸ್ಸನ್ನು, ಅಂದರೆ ಸ್ಲಡ್ಜ್ ಘಟಕದಲ್ಲಿ ಸರಾಸರಿ ಉಳಿಯುವ ದಿನಗಳನ್ನು, ಇಳಿಸಿ ನೈಟ್ರೇಟ್ ಆಗುವುದನ್ನು ತಗ್ಗಿಸುವುದು. ಅದಕ್ಕೆ ವೇಸ್ಟಿಂಗ್, ಅಂದರೆ ಹೆಚ್ಚುವರಿ ಸ್ಲಡ್ಜನ್ನು ಘಟಕದಿಂದ ತೆಗೆದುಹಾಕುವುದು, ಹೆಚ್ಚಬೇಕು. ಲೆಕ್ಕ ಸುಲಭವಾಗಿದೆ: 3000 ಘನ ಮೀಟರ್‌ನ ಏರಿಯೇಷನ್ ಟ್ಯಾಂಕ್‌ನಲ್ಲಿ ಎಂಎಲ್ಎಸ್ಎಸ್ 3200 ಇದ್ದರೆ ಒಟ್ಟು ಸ್ಲಡ್ಜ್ 9600 ಕಿಲೋ. ದಿನಕ್ಕೆ 60 ಘನ ಮೀಟರ್‌ನಂತೆ, ಘನ ಮೀಟರ್‌ಗೆ 8.5 ಕಿಲೋ ಸ್ಲಡ್ಜ್ ಇರುವ ನೀರನ್ನು ವೇಸ್ಟ್ ಮಾಡುತ್ತಿದ್ದರೆ ಹೊರಹೋಗುವುದು 510 ಕಿಲೋ, ಅಂದರೆ ಸ್ಲಡ್ಜ್‌ನ ವಯಸ್ಸು ಸುಮಾರು 19 ದಿನ. ಅದನ್ನು 12 ದಿನಕ್ಕೆ ತರಬೇಕಾದರೆ ದಿನಕ್ಕೆ 800 ಕಿಲೋ ತೆಗೆಯಬೇಕಾಗುತ್ತದೆ. ಇದನ್ನು ಒಂದೇ ದಿನದಲ್ಲಿ ಮಾಡಬಾರದು. ದಿನಕ್ಕೆ ಶೇಕಡಾ 10ರಿಂದ 15ಕ್ಕಿಂತ ಹೆಚ್ಚು ಏರಿಸದೆ ಮುಂದುವರಿಯಬೇಕು. ಅಮೋನಿಯಾಕ್ಕೂ ಮಿತಿ ಹಾಕಿರುವ ಘಟಕಗಳಲ್ಲಿ ವಯಸ್ಸನ್ನು ಎಷ್ಟರವರೆಗೆ ಇಳಿಸಬಹುದು ಎಂಬುದನ್ನು ಇನ್‌ಚಾರ್ಜ್ ನಿರ್ಧರಿಸಬೇಕು, ಆಪರೇಟರ್ ಅಲ್ಲ.

ಮೇಲೆದ್ದ ಗಡ್ಡೆಗಳು ಕಪ್ಪಾಗಿದ್ದು ದುರ್ವಾಸನೆ ಬರುತ್ತಿದ್ದರೆ ಸಾರಜನಕದ ಕಥೆಯನ್ನು ಬಿಟ್ಟು ಯಂತ್ರದ ಕಡೆ ನೋಡಬೇಕು. ಸ್ಕ್ರೇಪರ್ ತೋಳಿನ ಕೆಳಗೆ ಬಿಗಿದ ರಬ್ಬರ್ ಪಟ್ಟಿ ಸವೆದೋ ಹರಿದೋ ಹೋದರೆ ಸ್ಕ್ರೇಪರ್ ಎಂದಿನಂತೆ ತಿರುಗುತ್ತಲೇ ಇರುತ್ತದೆ, ಆದರೆ ತಳದಲ್ಲಿ ಒಂದು ವರ್ತುಲದಷ್ಟು ಸ್ಲಡ್ಜ್ ಸರಿಯದೆ ಕೊಳೆಯುತ್ತದೆ. ಜಿಲ್ಲೆಯ ಒಂದು ಘಟಕದಲ್ಲಿ ಹೀಗೆಯೇ ಆಗಿತ್ತು: ಪ್ಯಾನೆಲ್‌ನಲ್ಲಿ ಸ್ಕ್ರೇಪರ್‌ನ ಹಸಿರು ದೀಪ ಉರಿಯುತ್ತಿದ್ದುದರಿಂದ ಎಲ್ಲರೂ ಅದನ್ನು ಸರಿಯಿದೆ ಎಂದೇ ಬಿಟ್ಟಿದ್ದರು. ಗಡ್ಡೆಗಳು ಯಾವಾಗಲೂ ಅಂಚಿನಿಂದ ಒಂದೇ ದೂರದಲ್ಲಿ, ಒಂದೇ ವರ್ತುಲದ ಮೇಲೆ ಏಳುತ್ತಿವೆ ಎಂಬುದನ್ನು ಗಮನಿಸಿದವನು ಒಬ್ಬ ಐಟಿಐ ಮುಗಿಸಿ ಹೊಸದಾಗಿ ಬಂದ ಆಪರೇಟರ್. ಟ್ಯಾಂಕ್ ಖಾಲಿ ಮಾಡಿದಾಗ ಅದೇ ದೂರದಲ್ಲಿ ಎರಡು ಮೀಟರ್‌ನಷ್ಟು ಪಟ್ಟಿ ಕಿತ್ತುಹೋಗಿತ್ತು. ದೀಪ ಉರಿಯುವುದು ಮೋಟರ್‌ಗೆ ಕರೆಂಟ್ ಹೋಗುತ್ತಿದೆ ಎಂಬುದನ್ನು ಮಾತ್ರ ತಿಳಿಸುತ್ತದೆ.

ಕೂರದೆ ಊದಿಕೊಂಡ ಸ್ಲಡ್ಜ್

ಸಿಲಿಂಡರ್‌ನಲ್ಲಿ ಗೆರೆ ಮೂಡಿದರೂ ಅದು ಇಳಿಯದೆ, ಮೂವತ್ತು ನಿಮಿಷಕ್ಕೂ 800, 900 ಮಿಲಿಯಲ್ಲಿಯೇ ನಿಂತಿದ್ದರೆ ಎರಡು ಸಾಧ್ಯತೆಗಳಿವೆ. ಒಂದು, ಟ್ಯಾಂಕ್‌ನಲ್ಲಿ ಸ್ಲಡ್ಜ್ ಅತಿಯಾಗಿ ಕೂಡಿಬಿದ್ದು ಕಣಗಳು ಒಂದಕ್ಕೊಂದು ಒತ್ತಿಕೊಂಡು ಕೂರಲು ಜಾಗವಿಲ್ಲದಂತಾಗಿದೆ. ಇನ್ನೊಂದು, ನೂಲಿನಂತಹ ಬ್ಯಾಕ್ಟೀರಿಯಾಗಳು ಹೆಚ್ಚಿ, ನೆನೆದ ಹತ್ತಿಯಂತೆ ಸ್ಲಡ್ಜ್ ತನ್ನೊಳಗೆ ನೀರನ್ನು ಹಿಡಿದುಕೊಂಡಿದೆ. ಇವೆರಡನ್ನು ಬೇರ್ಪಡಿಸಲು ಮೈಕ್ರೋಸ್ಕೋಪ್ ಇಲ್ಲದ ಘಟಕದಲ್ಲಿಯೂ ಒಂದು ದಾರಿ ಇದೆ. ಇನ್ನೊಂದು ಸಿಲಿಂಡರ್‌ನಲ್ಲಿ ಅರ್ಧ ಲೀಟರ್ ಮಾದರಿಗೆ, ಕ್ಲೋರಿನ್ ಸೇರುವುದಕ್ಕೆ ಮೊದಲಿನ ಕ್ಲಾರಿಫೈಯರ್ ತಿಳಿನೀರನ್ನು ಅರ್ಧ ಲೀಟರ್ ಬೆರೆಸಿ ಮತ್ತೆ ಮೂವತ್ತು ನಿಮಿಷ ಬಿಡಬೇಕು. ಮೊದಲು 900 ಇದ್ದದ್ದು ಈಗ 300ಕ್ಕೆ ಇಳಿದರೆ ಸ್ಲಡ್ಜ್ ಒಳ್ಳೆಯದೇ ಇದೆ, ಪ್ರಮಾಣ ಮಾತ್ರ ಅತಿಯಾಗಿದೆ. ವೇಸ್ಟಿಂಗ್ ಹೆಚ್ಚಿಸಿದರೆ ಸಾಕು. ಅರ್ಧಕ್ಕೆ ತೆಳುವಾಗಿಸಿದ ಮೇಲೂ 700, 800ರಲ್ಲಿಯೇ ನಿಂತರೆ ನೂಲು ಬ್ಯಾಕ್ಟೀರಿಯಾಗಳದ್ದೇ ಕೆಲಸ. ಈ ಹೊತ್ತಿನಲ್ಲಿ ಎಂಎಲ್ಎಸ್ಎಸ್ 2900, ಸಿಲಿಂಡರ್ ಅಂಕಿ 820 ಎಂದಾದರೆ ಎಸ್‌ವಿಐ 283ರ ಸುಮಾರಿಗೆ ಹೋಗಿರುತ್ತದೆ.

ನೂಲು ಬ್ಯಾಕ್ಟೀರಿಯಾಗಳು ಬೆಳೆಯುವುದಕ್ಕೆ ಕಾರಣಗಳು ಹಲವು. ಆಮ್ಲಜನಕದ ಕೊರತೆ ಅವುಗಳಲ್ಲಿ ಮೊದಲು ನೋಡಬೇಕಾದದ್ದು. ಏರಿಯೇಷನ್ ಟ್ಯಾಂಕ್‌ನಲ್ಲಿ ಕರಗಿದ ಆಮ್ಲಜನಕ ಲೀಟರ್‌ಗೆ 2 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕು. 20 ಡಿಗ್ರಿಯ ಶುದ್ಧ ನೀರು ಲೀಟರ್‌ಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ, ಅಂದರೆ ಬ್ಯಾಕ್ಟೀರಿಯಾಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುವ ಬೇಸಿಗೆಯಲ್ಲಿಯೇ ನೀರು ಅದನ್ನು ಕಡಿಮೆ ಕರಗಿಸಿಕೊಳ್ಳುತ್ತದೆ. ಜನವರಿಯಲ್ಲಿ ಒಂದು ಬ್ಲೋವರ್ ಸಾಕಾಗಿದ್ದ ಘಟಕಕ್ಕೆ ಮೇ ತಿಂಗಳಲ್ಲಿ ಅದೇ ಬ್ಲೋವರ್ ಸಾಲದೆ ಹೋಗಬಹುದು.

ಮೀಟರ್ ಕಡಿಮೆ ತೋರಿಸುತ್ತಿದ್ದರೆ ಮೊದಲು ಮೀಟರನ್ನೇ ಪರೀಕ್ಷಿಸಬೇಕು. ಪ್ರೋಬ್ ಮೇಲೆತ್ತಿ, ಅದಕ್ಕೆ ಸುತ್ತಿಕೊಂಡ ಕೂದಲು, ಲೋಳೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ತೇವದ ಗಾಳಿಯಲ್ಲಿ ಹಿಡಿದಾಗ ಆ ಉಷ್ಣತೆಗೆ ತಕ್ಕ ಪೂರ್ಣ ಅಂಕಿ ಬರಬೇಕು. ಬಾರದಿದ್ದರೆ ಬ್ಲೋವರ್‌ನಲ್ಲಿ ದೋಷ ಹುಡುಕುವುದು ವ್ಯರ್ಥ. ಮೀಟರ್ ಸರಿಯಿದ್ದರೆ ಬ್ಲೋವರ್‌ನ ಏರ್ ಫಿಲ್ಟರ್, ಬೆಲ್ಟ್‌ನ ಬಿಗಿ, ಆಮೇಲೆ ಡೆಲಿವರಿ ಪೈಪ್‌ನ ಪ್ರೆಷರ್ ಗೇಜ್ ನೋಡಬೇಕು. ಗೇಜ್ ಮಾಮೂಲಿಗಿಂತ ಮೇಲೆ ನಿಂತಿದ್ದರೆ, ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಡಿಫ್ಯೂಸರ್‌ಗಳು ಕಟ್ಟಿಕೊಂಡಿವೆ. ನಮ್ಮ ಭಾಗದ ಬೋರ್‌ವೆಲ್ ನೀರಿನ ಗಡಸುತನದಿಂದ ಅವುಗಳ ಸಣ್ಣ ರಂಧ್ರಗಳಲ್ಲಿ ಸುಣ್ಣದಂತಹ ಪದರ ಕಟ್ಟುವುದುಂಟು. ಗೇಜ್ ಕೆಳಗಿದ್ದು, ಟ್ಯಾಂಕ್‌ನ ಒಂದು ಜಾಗದಲ್ಲಿ ನೀರು ಕುದಿಯುವಂತೆ ಉಕ್ಕುತ್ತ ಉಳಿದ ಮೂಲೆಗಳು ಸತ್ತಂತಿದ್ದರೆ, ಅಲ್ಲಿ ಡಿಫ್ಯೂಸರ್‌ನ ಪೊರೆ ಹರಿದಿದೆ ಅಥವಾ ಪೈಪ್ ಬಿಚ್ಚಿದೆ.

ಆಮ್ಲಜನಕ ಸರಿಯಿದ್ದೂ ಸ್ಲಡ್ಜ್ ಊದಿದ್ದರೆ ಒಳಬರುವ ನೀರಿನ ಕಡೆ ತಿರುಗಬೇಕು. ಬೇಸಿಗೆಯಲ್ಲಿ ಉದ್ದದ, ಇಳಿಜಾರು ಕಡಿಮೆಯಿರುವ ಒಳಚರಂಡಿ ಸಾಲುಗಳಲ್ಲಿ ನೀರು ನಿಧಾನವಾಗಿ ಬರುತ್ತ ದಾರಿಯಲ್ಲಿಯೇ ಕೊಳೆತು ಕಪ್ಪಾಗುತ್ತದೆ, ಅದರಲ್ಲಿರುವ ಸಲ್ಫೈಡ್ ಕೆಲವು ನೂಲು ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಬೆಲ್ಲದ ಗಾಣದ್ದೋ ಬೇರೆ ಸಿಹಿ ಪದಾರ್ಥದ್ದೋ ತೊಳೆದ ನೀರನ್ನು ಯಾರಾದರೂ ಟ್ಯಾಂಕರ್‌ನಲ್ಲಿ ತಂದು ಮ್ಯಾನ್‌ಹೋಲ್‌ಗೆ ಬಿಟ್ಟರೆ, ಅದರಲ್ಲಿ ಸಕ್ಕರೆ ಬಹಳ, ಸಾರಜನಕ ಮತ್ತು ರಂಜಕ ಬಹಳ ಕಡಿಮೆ. ಬ್ಯಾಕ್ಟೀರಿಯಾಗಳಿಗೆ ಬಿಒಡಿ (ನೀರಿನ ಕೊಳೆಯನ್ನು ಅವು ಅರಗಿಸಲು ಬೇಕಾಗುವ ಆಮ್ಲಜನಕದ ಅಳತೆ) 100 ಭಾಗಕ್ಕೆ ಸಾರಜನಕ 5, ರಂಜಕ 1 ಭಾಗ ಬೇಕೆಂಬುದು ವಾಡಿಕೆಯ ಲೆಕ್ಕ. ಅದು ತಪ್ಪಿದಾಗ ಸ್ಲಡ್ಜ್ ಲೋಳೆಯಾಗುತ್ತದೆ. ಒಳಹರಿವಿಗೆ ಹುಳಿ ವಾಸನೆ, ಏಳರ ಮೇಲಿರುತ್ತಿದ್ದ ಪಿಎಚ್ ಆರರ ಕೆಳಗೆ ಇಳಿಯುವುದು, ಕೆಲವೇ ಗಂಟೆಯಲ್ಲಿ ಆಮ್ಲಜನಕ ಕುಸಿಯುವುದು ಇದರ ಗುರುತುಗಳು. ರಬಕವಿ-ಬನಹಟ್ಟಿ, ಇಳಕಲ್ಲಿನಂತಹ ನೇಕಾರಿಕೆಯ ಊರುಗಳಲ್ಲಿ ಬಣ್ಣದ ನೀರು ಚರಂಡಿ ಸೇರಿದರೆ ಒಳಹರಿವಿನ ಬಣ್ಣವೇ ಅದನ್ನು ಹೇಳುತ್ತದೆ. ಇಂಥ ಹೊತ್ತಿನಲ್ಲಿ ಆಪರೇಟರ್ ಮಾಡಬೇಕಾದ ಅತಿ ಬೆಲೆಯುಳ್ಳ ಕೆಲಸವೆಂದರೆ ಒಂದು ಬಾಟಲಿ ಒಳಹರಿವನ್ನು ತುಂಬಿ, ದಿನಾಂಕ ಮತ್ತು ಗಂಟೆ ಬರೆದು, ಫ್ರಿಜ್‌ನಲ್ಲಿ ಇಡುವುದು. ಆ ಬಾಟಲಿ ಇಲ್ಲದಿದ್ದರೆ ಮರುದಿನ ಯಾರೂ ನಿಮ್ಮ ಮಾತನ್ನು ನಂಬಬೇಕಾದ ಕಾರಣವಿರುವುದಿಲ್ಲ.

ಊದಿದ ಸ್ಲಡ್ಜನ್ನು ತಾತ್ಕಾಲಿಕವಾಗಿ ಹತೋಟಿಗೆ ತರಲು ರಿಟರ್ನ್ ಸ್ಲಡ್ಜ್‌ಗೆ ಅಳೆದು ಕ್ಲೋರಿನ್ ಕೊಡುವ ಕ್ರಮವಿದೆ. ಪ್ರಮಾಣ ಸ್ವಲ್ಪ ತಪ್ಪಿದರೂ ಉಪಯುಕ್ತ ಬ್ಯಾಕ್ಟೀರಿಯಾಗಳೂ ಸಾಯುವುದರಿಂದ ಅದನ್ನು ಇನ್‌ಚಾರ್ಜ್‌ನ ಲಿಖಿತ ಸೂಚನೆಯಿಲ್ಲದೆ ಮಾಡಬಾರದು.

ಸಿಲಿಂಡರ್ ಚೆನ್ನಾಗಿದ್ದು ಕ್ಲಾರಿಫೈಯರ್ ಮಾತ್ರ ಕೆಟ್ಟಿದ್ದರೆ

ಸಿಲಿಂಡರ್‌ನಲ್ಲಿ ಸ್ಲಡ್ಜ್ ಚೆನ್ನಾಗಿ ಕೂತು, ಎರಡು ಗಂಟೆಯಾದರೂ ಏಳದೆ, ಕ್ಲಾರಿಫೈಯರ್‌ನಲ್ಲಿ ಮಾತ್ರ ಹೊರಹೋಗುತ್ತಿದ್ದರೆ ಕಾರಣ ಹರಿವಿನಲ್ಲಿದೆ ಇಲ್ಲವೇ ರಿಟರ್ನ್ ಪಂಪ್‌ನಲ್ಲಿದೆ.

ಹರಿವನ್ನು ಲೆಕ್ಕ ಹಾಕಿ ನೋಡೋಣ. 20 ಮೀಟರ್ ವ್ಯಾಸದ ಕ್ಲಾರಿಫೈಯರ್‌ನ ಮೇಲ್ಮೈ 314 ಚದರ ಮೀಟರ್. ದಿನಕ್ಕೆ 60 ಲಕ್ಷ ಲೀಟರ್, ಅಂದರೆ 6000 ಘನ ಮೀಟರ್ ಬಂದರೆ ಚದರ ಮೀಟರ್‌ಗೆ ದಿನಕ್ಕೆ 19 ಘನ ಮೀಟರ್ ಬೀಳುತ್ತದೆ. ಸರಾಸರಿ 15ರಿಂದ 35ರವರೆಗೆ ವಿನ್ಯಾಸದಲ್ಲಿ ಒಪ್ಪುವ ಮಟ್ಟವಾದ್ದರಿಂದ ಇದು ನಿರಾತಂಕ. ಉತ್ತರಿ, ಹಸ್ತಾ ಮಳೆಗಳು ಜೋರಾಗಿ ಬಂದ ರಾತ್ರಿ, ಎರೆಮಣ್ಣಿನ ಅಲುಗಾಟಕ್ಕೆ ಸಡಿಲಗೊಂಡ ಪೈಪ್ ಸಂದುಗಳಿಂದಲೂ, ಮಳೆನೀರು ಹೋಗಲೆಂದು ಜನರೇ ಮುಚ್ಚಳ ತೆಗೆದ ಮ್ಯಾನ್‌ಹೋಲ್‌ಗಳಿಂದಲೂ ನೀರು ಒಳಸೇರಿ, ಹರಿವು ದಿನಕ್ಕೆ 12,000 ಘನ ಮೀಟರ್‌ನ ವೇಗಕ್ಕೆ ಏರಿತೆಂದುಕೊಳ್ಳಿ. ಎಂಎಲ್ಎಸ್ಎಸ್ 3200, ರಿಟರ್ನ್ ದಿನಕ್ಕೆ 3600 ಘನ ಮೀಟರ್ ಇದ್ದರೆ ಪ್ರತಿ ಚದರ ಮೀಟರ್ ಮೇಲೆ ದಿನಕ್ಕೆ 159 ಕಿಲೋ ಸ್ಲಡ್ಜ್ ಬಂದು ಬೀಳುತ್ತದೆ. ಗಾಬರಿಯಲ್ಲಿ ರಿಟರ್ನ್ ಅನ್ನು ಎರಡು ಪಟ್ಟು ಮಾಡಿದರೆ ಅದು 196 ಕಿಲೋಗೆ ಏರುತ್ತದೆ. ಫೋನಿನಲ್ಲಿ ಕೇಳಿದ ಆ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲಿದೆ. ಮಳೆಯ ಹೊತ್ತಿನಲ್ಲಿ ಎರಡನೆಯ ಕ್ಲಾರಿಫೈಯರ್ ಇದ್ದರೆ ಅದನ್ನು ಸೇವೆಗೆ ತರಬೇಕು, ಎರಡೂ ಓಡುತ್ತಿದ್ದರೆ ಗೇಟ್‌ಗಳಲ್ಲಿ ಹರಿವು ಸಮನಾಗಿ ಹಂಚಿದೆಯೇ ನೋಡಬೇಕು, ವೆಟ್ ವೆಲ್‌ನಲ್ಲಿ ಜಾಗವಿರುವಷ್ಟು ಹೊತ್ತು ಪಂಪ್‌ಗಳನ್ನು ಒಂದೊಂದಾಗಿ ಓಡಿಸಬೇಕು.

ಹೆಸ್ಕಾಂ ಫೀಡರ್ ಟ್ರಿಪ್ ಆಗಿ ಕರೆಂಟ್ ಮರಳಿದಾಗಲೂ ಇಂಥದ್ದೇ ಆಗುತ್ತದೆ. ಕರೆಂಟ್ ಇಲ್ಲದಾಗ ವೆಟ್ ವೆಲ್ ತುಂಬಿರುತ್ತದೆ, ಏರಿಯೇಷನ್ ಟ್ಯಾಂಕ್‌ನಲ್ಲಿ ಸ್ಲಡ್ಜ್ ತಳಕ್ಕೆ ಕೂತಿರುತ್ತದೆ. ಬಂದ ಕೂಡಲೇ ಎಲ್ಲ ಪಂಪ್‌ಗಳ ಬಟನ್ ಒತ್ತಿದರೆ ಒಂದು ತಾಸಿನೊಳಗೆ ಕ್ಲಾರಿಫೈಯರ್ ಚೆಲ್ಲತೊಡಗುತ್ತದೆ. ಮೊದಲು ಬ್ಲೋವರ್ ಮತ್ತು ರಿಟರ್ನ್, ಅರ್ಧ ಗಂಟೆಯ ನಂತರ ಒಂದು ಫೀಡ್ ಪಂಪ್, ಆಮೇಲೆ ಇನ್ನೊಂದು ಎಂಬ ಕ್ರಮ ಒಳ್ಳೆಯದು.

ಹರಿವು ಮಾಮೂಲಿನಂತಿದ್ದರೆ ರಿಟರ್ನ್ ಸ್ಲಡ್ಜನ್ನು ಒಂದು ಬೀಕರ್‌ನಲ್ಲಿ ಹಿಡಿದು ನೋಡಬೇಕು. ರಿಟರ್ನ್ ಪ್ರಮಾಣ ಒಳಹರಿವಿನ ಶೇಕಡಾ 60ರಷ್ಟಿದ್ದಾಗ, ಅದರ ಗಾಢತೆ ಏರಿಯೇಷನ್ ಟ್ಯಾಂಕ್‌ಗಿಂತ ಎರಡೂವರೆ ಪಟ್ಟು ಮೇಲಿರಬೇಕು. ತಳದಲ್ಲಿ ಸ್ಲಡ್ಜ್ ಎತ್ತರವಾಗಿ ನಿಂತಿದ್ದೂ ರಿಟರ್ನ್ ನೀರಿನಂತೆ ತೆಳ್ಳಗಿದ್ದರೆ, ಪಂಪ್ ಸ್ಲಡ್ಜ್ ಪದರದ ನಡುವೆ ಒಂದು ತೂತು ಕೊರೆದುಕೊಂಡು ಮೇಲಿನ ನೀರನ್ನೇ ಎಳೆಯುತ್ತಿದೆ; ಆಗ ರಿಟರ್ನ್ ಸ್ವಲ್ಪ ಇಳಿಸಿ ಪದರ ಮುಚ್ಚಿಕೊಳ್ಳಲು ಬಿಡಬೇಕು. ರಿಟರ್ನ್ ಬರುತ್ತಲೇ ಇಲ್ಲವೆಂದಾದರೆ ಆಂಪಿಯರ್ ಮೀಟರ್ ನೋಡಬೇಕು: ಆಂಪ್ಸ್ ಕಡಿಮೆ, ಸದ್ದು ಹಗುರವೆಂದರೆ ಪಂಪ್‌ನ ಬಾಯಿ ಕಟ್ಟಿದೆ ಇಲ್ಲವೇ ಗಾಳಿ ಹಿಡಿದಿದೆ, ಆಂಪ್ಸ್ ಹೆಚ್ಚು, ಗರಗರ ಸದ್ದು ಎಂದರೆ ಇಂಪೆಲ್ಲರ್‌ಗೆ ಚಿಂದಿಬಟ್ಟೆ, ಕೂದಲು ಸುತ್ತಿದೆ. ನಿಂತಿರುವ ಪಂಪ್‌ನ ನಾನ್-ರಿಟರ್ನ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ, ಓಡುವ ಪಂಪ್ ಎತ್ತಿದ ಸ್ಲಡ್ಜ್ ಅದರ ಮೂಲಕ ಹಿಂದಕ್ಕೇ ಇಳಿಯುತ್ತದೆ. ನಿಂತ ಪಂಪ್‌ನ ಶಾಫ್ಟ್ ಹಿಮ್ಮುಖವಾಗಿ ಮೆಲ್ಲಗೆ ತಿರುಗುತ್ತಿದ್ದರೆ ಅದೇ ಗುರುತು.

ಉಳಿದ ಎರಡು ಚಿತ್ರಗಳು

ಸಿಲಿಂಡರ್‌ನಲ್ಲಿ ಸ್ಲಡ್ಜ್ ಐದೇ ನಿಮಿಷದಲ್ಲಿ ದಡಕ್ಕನೆ ಕೂತು, ಮೇಲಿನ ನೀರಿನಲ್ಲಿ ಸಣ್ಣ ಚುಕ್ಕೆಗಳು ತೇಲುತ್ತಿದ್ದರೆ ಅದು ಮುದಿಯಾದ ಸ್ಲಡ್ಜ್. ವೇಸ್ಟಿಂಗ್ ನಿಧಾನವಾಗಿ ಹೆಚ್ಚಿಸಬೇಕು. ಗೆರೆಯೇ ಮೂಡದೆ ಇಡೀ ಸಿಲಿಂಡರ್ ಕದಡಿದ ಬೂದು ನೀರಾಗಿ ಉಳಿದು, ಏರಿಯೇಷನ್ ಟ್ಯಾಂಕ್‌ನಲ್ಲಿ ಆಮ್ಲಜನಕ ಇದ್ದಕ್ಕಿದ್ದಂತೆ ಏರಿದ್ದರೆ, ವಿಷಕಾರಿ ನೀರು ಬಂದು ಬ್ಯಾಕ್ಟೀರಿಯಾಗಳು ಉಸಿರಾಡುವುದನ್ನು ನಿಲ್ಲಿಸಿರಬಹುದು. ಇದನ್ನು ಆಪರೇಟರ್ ಒಬ್ಬನೇ ಸರಿಪಡಿಸಲಾರ. ವೇಸ್ಟಿಂಗ್ ನಿಲ್ಲಿಸಿ, ಮಾದರಿ ತೆಗೆದಿಟ್ಟು, ಆ ಕ್ಷಣವೇ ಮೇಲಿನವರಿಗೆ ತಿಳಿಸಬೇಕು.

ಸರಿಪಡಿಸುವಾಗ

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ರಿಟರ್ನ್ ಹೆಚ್ಚಿಸಿ, ವೇಸ್ಟಿಂಗ್ ಹೆಚ್ಚಿಸಿ, ಬ್ಲೋವರನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಥವಾ ಕೆಟ್ಟಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ರಿಟರ್ನ್ ಬದಲಾವಣೆಯ ಫಲ ಕೆಲವು ಗಂಟೆಗಳಲ್ಲಿ ಪದರದ ಎತ್ತರದಲ್ಲಿ ಕಾಣುತ್ತದೆ. ವೇಸ್ಟಿಂಗ್ ಬದಲಾವಣೆಯ ಪೂರ್ಣ ಫಲ ಕಾಣಲು ಸ್ಲಡ್ಜ್‌ನ ವಯಸ್ಸಿನ ಎರಡು ಮೂರು ಪಟ್ಟು ದಿನಗಳು ಬೇಕು. ಈ ನಡುವೆ ಪಾಳಿ ಬದಲಾಗುವಾಗ ಮುಂದಿನವರು ತಮಗೆ ತೋಚಿದಂತೆ ವಾಲ್ವ್ ತಿರುಗಿಸದಂತೆ, ಯಾವ ವಾಲ್ವ್ ಎಷ್ಟು ಸುತ್ತು, ಎಷ್ಟು ಗಂಟೆಗೆ, ಏಕೆ ಬದಲಾಯಿತು ಎಂಬುದನ್ನು ಲಾಗ್ ಬುಕ್‌ನಲ್ಲಿ ಬರೆದು ಬಾಯಿಮಾತಿನಲ್ಲಿಯೂ ಹೇಳಬೇಕು.

ಹೊರಹೋದ ಸ್ಲಡ್ಜ್‌ನ ತೊಂದರೆ ಕ್ಲಾರಿಫೈಯರ್‌ನಲ್ಲಿಯೇ ಮುಗಿಯುವುದಿಲ್ಲ. ಅದು ಕ್ಲೋರಿನ್ ಟ್ಯಾಂಕ್‌ನ ತಳದಲ್ಲಿ ಕೂತು, ಕೊಡುವ ಕ್ಲೋರಿನನ್ನೆಲ್ಲ ತಾನೇ ತಿಂದುಹಾಕುತ್ತದೆ. ಕೇಂದ್ರ ಸರ್ಕಾರದ 2017ರ ಅಧಿಸೂಚನೆ ಮಹಾನಗರಗಳಲ್ಲದ ಊರುಗಳಿಗೆ ನಿಗದಿಪಡಿಸಿದ ಲೀಟರ್‌ಗೆ 30 ಮಿಲಿಗ್ರಾಂ ಬಿಒಡಿ ಮಿತಿಯನ್ನು ದಾಟಿಸುತ್ತದೆ. ಹಳ್ಳದ ಕೆಳಗೆ ಆ ನೀರನ್ನೇ ಮೋಟರ್ ಹಾಕಿ ಹೊಲಕ್ಕೆ ಎತ್ತುವ ರೈತರ ಕೈಕಾಲಿಗೆ ತಾಗುತ್ತದೆ. ಆದ್ದರಿಂದ ಸ್ಲಡ್ಜ್ ನಿಂತ ಮೇಲೂ ಕ್ಲೋರಿನ್ ಟ್ಯಾಂಕ್‌ನ ತಳವನ್ನು ಡ್ರೈನ್ ವಾಲ್ವ್ ಮೂಲಕ ಘಟಕದ ಆರಂಭಕ್ಕೇ ಮರಳಿಸಿ ಸ್ವಚ್ಛಗೊಳಿಸಬೇಕು, ಮರಳಿನ ಫಿಲ್ಟರ್ ಇದ್ದರೆ ನೀರು ತಿಳಿಯಾಗುವವರೆಗೆ ಬ್ಯಾಕ್‌ವಾಶ್ ಕೊಡಬೇಕು, ಕೊನೆಯಲ್ಲಿ ಉಳಿಕೆ ಕ್ಲೋರಿನ್ ಅಳೆದು ಅಂಕಿ ಮಾಮೂಲಿಗೆ ಬಂದಿದೆ ಎಂದು ಖಚಿತಪಡಿಸಿಕೊಂಡ ನಂತರವೇ ದೋಷ ನಿವಾರಣೆಯಾಗಿದೆ ಎಂದು ಲಾಗ್ ಬುಕ್‌ನಲ್ಲಿ ಬರೆಯಬೇಕು.